ಹೊರಗಿನ ಪ್ರೋಗ್ರಾಂ: ನಿಂತುಹೋದ ಫೆಡರಲ್ ನೆರವು ಮತ್ತೆ ಬಂದದ್ದು ಹೀಗೆ

ಅಮೆರಿಕದ ಕಾಲೇಜಿನಿಂದ ಬೇರೆ ಸಂಸ್ಥೆಯ ಪ್ರೋಗ್ರಾಂ ಹಿಡಿದು ಯುರೋಪಿಗೆ ಓದಲು ಹೋದಾಗ ನನ್ನ ಫೆಡರಲ್ ನೆರವು (ಅಮೆರಿಕ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಹಣಸಹಾಯ) ನಿಂತಿತ್ತು. ಎರಡು ಕಡೆಯವರೂ ಸಹಿ ಹಾಕಿದ ಲಿಖಿತ ಒಪ್ಪಂದ ನಮ್ಮ ಕಾಲೇಜಿನ ಹಣಕಾಸು ನೆರವಿನ ಕಚೇರಿಯಲ್ಲಿ ಇರಲಿಲ್ಲ. ಪ್ರವೇಶಪತ್ರ ತೋರಿಸಿದರೆ ಸಾಲದು. ಒಪ್ಪಂದದ ಫಾರ್ಮ್ ಅಲ್ಲೇ ಕೇಳಿ ತೆಗೆದುಕೊಂಡು, ಕೋರ್ಸ್ ಪಟ್ಟಿ, ಶುಲ್ಕ, ದಿನಾಂಕ ತುಂಬಿಸಿ ಕಳಿಸಿದೆ.

ಅಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ನೋಂದಾಯಿಸಿದ್ದು 20 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ). ಸಾಮಾನ್ಯವಾಗಿ ಎರಡು ಇಸಿಟಿಎಸ್‌ಗೆ ಒಂದು ಸೆಮಿಸ್ಟರ್ ಕ್ರೆಡಿಟ್. ಬಂದದ್ದು 10, ಪೂರ್ಣಾವಧಿ ವಿದ್ಯಾರ್ಥಿ ಎನಿಸಲು ಬೇಕಾದದ್ದು 12. ಗಡುವಿನೊಳಗೆ 6 ಇಸಿಟಿಎಸ್‌ನ ಕೋರ್ಸ್ ಸೇರಿಸಿದ್ದಕ್ಕೆ 13 ಆಯಿತು, ನೆರವೂ ಮತ್ತೆ ಬಂತು.

ಪ್ರತಿ ಕೋರ್ಸಿನ ಪಠ್ಯಕ್ರಮಕ್ಕೆ ನಿಮ್ಮ ಕಾಲೇಜಿನ ವಿಭಾಗದ ಒಪ್ಪಿಗೆಯನ್ನು ಇಮೇಲಿನಲ್ಲೇ ಪಡೆಯಿರಿ. ಬಾಯಿಮಾತು ರಿಜಿಸ್ಟ್ರಾರ್ ಬಳಿ ನಡೆಯದು. ಅಂಕಪಟ್ಟಿಯೂ ಅಷ್ಟೇ, ನೀವು ಕೈಯಲ್ಲಿ ತಂದದ್ದಲ್ಲ, ಯುರೋಪಿನ ಸಂಸ್ಥೆಯಿಂದ ನೇರವಾಗಿ ಬರಬೇಕು.