ಸುದ್ದಿಯ ಸಾಲುಗಳಲ್ಲಿ ಊರುಗಳ ನಂಟು ಹುಡುಕುವುದು

ಎರಡು ಊರುಗಳ ಹೆಸರು ಒಂದೇ ಪ್ಯಾರಾದಲ್ಲಿ ಮತ್ತೆ ಮತ್ತೆ ಬಂದರೆ ಅವುಗಳ ನಡುವೆ ಏನೋ ನಂಟಿದೆ ಎಂದು ಹಿಡಿಯುವುದೇ ಪಠ್ಯ ಗಣಿಗಾರಿಕೆಯ, ಅಂದರೆ ರಾಶಿ ಬರಹಗಳಿಂದ ಕಂಪ್ಯೂಟರಿನ ನೆರವಿನಿಂದ ಮಾಹಿತಿ ಹೆಕ್ಕುವ ಕೆಲಸದ, ಈ ವಿಧಾನ. ಮಾಟುಂಗದಲ್ಲಿ ಕುಳಿತು ನಾನು ಮುಂಬಯಿಯ ನಂಟುಗಳನ್ನು ಕನ್ನಡ ಸುದ್ದಿಗಳಲ್ಲಿ ಹುಡುಕುತ್ತೇನೆ.

ಮೊದಲು ಹೆಸರುಗಳ ಪಟ್ಟಿ. ಬೆವರು ಸುರಿಯುವುದು ಇಲ್ಲೇ. ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ ಎಲ್ಲವೂ ಒಂದೇ ಊರು. ಬೆಳಗಾವಿಯ ಜೊತೆ ಬೆಳಗಾಂ ಸೇರಿಸಿ. ‘ಪುಣೆಯಿಂದ’, ‘ಪುಣೆಗೆ’ ಎರಡನ್ನೂ ‘ಪುಣೆ’ಗೆ ಇಳಿಸದಿದ್ದರೆ ಎಣಿಕೆ ಕೆಡುತ್ತದೆ. ಹಾಗೆಂದು ಹೆಸರು ಕಂಡಲ್ಲೆಲ್ಲ ಕಣ್ಣುಮುಚ್ಚಿ ಊರೆಂದು ಎಣಿಸಬೇಡಿ: ಬೊಂಬಾಯಿ ಮಿಠಾಯಿ ಯಾವ ಜಾತ್ರೆಯಲ್ಲೂ ಸಿಗುತ್ತದೆ, ಬಾಂಬೆ ಹೈಕೋರ್ಟಿನ ಪೀಠ ಗೋವಾದಲ್ಲೂ ಇದೆ. ಚಿನ್ನದ ದರ, ಹವಾಮಾನದ ಪಟ್ಟಿಗಳನ್ನು ನಿರ್ದಯವಾಗಿ ಕಿತ್ತೆಸೆಯಿರಿ. ಅಲ್ಲಿ ಊರುಗಳು ಸುಮ್ಮನೆ ಸಾಲಾಗಿ ನಿಂತಿರುತ್ತವೆ.

ಆಮೇಲೆ ಜೋಡಿಗಳ ಎಣಿಕೆ, ಅಂದರೆ ಎರಡೂ ಊರುಗಳು ಒಟ್ಟಿಗೆ ಬಂದ ಪ್ಯಾರಾಗಳು ಎಷ್ಟೆಂದು. ಬರೀ ಎಣಿಸಿದರೆ ದೊಡ್ಡ ಊರುಗಳೇ ಮೇಲೆ ಬರುತ್ತವೆ. ಆದ್ದರಿಂದ ಒಂದೊಂದು ಊರೂ ಬಂದ ಪ್ಯಾರಾಗಳನ್ನು ಬೇರೆ ಬೇರೆ ಎಣಿಸಿ, ಆ ಎರಡು ಸಂಖ್ಯೆಗಳನ್ನು ಗುಣಿಸಿ, ಒಟ್ಟು ಪ್ಯಾರಾಗಳ ಸಂಖ್ಯೆಯಿಂದ ಭಾಗಿಸಿ. ಆಕಸ್ಮಿಕವಾಗಿ ಸಿಗಬಹುದಾದ ಜೋಡಿಗಳು ಅಷ್ಟು. ನಿಜವಾದ ಎಣಿಕೆ ಅದರ ಎಷ್ಟು ಪಟ್ಟು ಎಂಬುದೇ ನಂಟಿನ ಬಲ.

ಹಳೆಯ ಸಂಚಿಕೆಗಳು ಸಿಕ್ಕರೆ 1998ರ ಹಿಂದೆ, ಮುಂದೆ ಎಂದು ವಿಂಗಡಿಸಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ ವರ್ಷವದು. ಮುಂಬಯಿ–ಮಂಗಳೂರು ಜೋಡಿಯ ಪ್ಯಾರಾಗಳನ್ನು ಕುಳಿತು ಓದಿ, ನಂಟು ಯಾವುದರದ್ದೆಂದು ನೋಡಿ ಹೋಟೆಲು, ರೈಲು, ಯಕ್ಷಗಾನ ಎಂದು ಗುರುತು ಹಾಕಿ.