ಕೋಣೆಗೆ ತಂಪು ತುಂಬುವ ಯಂತ್ರ ಯಾವುದೂ ಇಲ್ಲ

ಪಕ್ಕದ ಮನೆಯವರು ಕಳೆದ ಬೇಸಿಗೆಯಲ್ಲಿ ಏಸಿ ತಂದರು. ಜೋಡಿಸಲು ಬಂದ ಹುಡುಗ ಗೋಡೆಗೆ ಡ್ರಿಲ್ ಹಚ್ಚುವಷ್ಟರಲ್ಲಿ ಆ ಮನೆಯ ಅಜ್ಜಿ ತಡೆದರು: "ಒಂದೂವರೆ ಟನ್ ಅನ್ನುತ್ತೀಯಲ್ಲಪ್ಪಾ, ಈ ಗೋಡೆ ತಡೆದೀತೇ?" ಎಲ್ಲರೂ ನಕ್ಕರು. ಆದರೆ ಟನ್ ಎಂದರೆ ಮತ್ತೇನು ಎಂದು ನಕ್ಕವರಲ್ಲಿ ಒಬ್ಬರಿಗೂ ಹೇಳಲು ಬರಲಿಲ್ಲ.

ಅಜ್ಜಿಯ ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. ಟನ್ ತೂಕವೇ, ಆದರೆ ಯಂತ್ರದ್ದಲ್ಲ, ಮಂಜುಗಡ್ಡೆಯದು. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಗೆ ಸಾಗಿಸಬಲ್ಲ ಯಂತ್ರವೇ ಒಂದು ಟನ್ನಿನ ಏಸಿ. ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ಇಲ್ಲಿ ಗಮನಿಸಬೇಕಾದ ಮಾತು "ಹೊರಗೆ ಸಾಗಿಸುವುದು". ತಂಪನ್ನು ತಯಾರಿಸಿ ಕೋಣೆಗೆ ತುಂಬುವ ಯಂತ್ರ ಲೋಕದಲ್ಲಿಲ್ಲ; ಇರುವುದು ಶಾಖವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುವ ಯಂತ್ರ. ಸೆಕೆಗೆ ಬೇಸತ್ತು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಕುಳಿತರೆ ಅಡುಗೆಮನೆ ಇನ್ನಷ್ಟು ಬಿಸಿಯಾಗುವುದು ಇದಕ್ಕೇ. ಮುಂದಿಂದ ಎತ್ತಿದ್ದನ್ನು ಅದು ಹಿಂದೆ, ಅದೇ ಕೋಣೆಗೆ ಸುರಿಯುತ್ತದೆ. ಜೊತೆಗೆ ತನ್ನ ಮೋಟಾರಿನ ಬಿಸಿಯನ್ನೂ ಸೇರಿಸುತ್ತದೆ. ಇದಿಷ್ಟು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮೊದಲ ಹೆಜ್ಜೆ: ಕಿಟಕಿ ಮತ್ತು ತಾರಸಿ

"ಕಿಟಕಿ ತೆರೆದಿಡಿ, ಗಾಳಿಯಾಡಲಿ" ಎನ್ನುವುದು ಮಂಗಳೂರಿಗೆ ಸರಿಯಾದ ಮಾತು, ಕಲಬುರಗಿಗೆ ಅಲ್ಲ. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ ಕಿಟಕಿ ತೆರೆದರೆ ಒಳಗೆ ಬರುವುದು ಬೆಂಕಿಯ ಗಾಳಿ. ಬಯಲುಸೀಮೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಹೊತ್ತು ಮುಳುಗಿ ಹೊರಗಿನ ಗಾಳಿ ತಣಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು ರಾತ್ರಿಯಿಡೀ ಬಿಡಿ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಿರುಗಿಂಡಿಗಳ ಹಳೆಯ ಮನೆಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತಿದ್ದವು.

ರಾತ್ರಿ ಹತ್ತಕ್ಕೂ ಫ್ಯಾನಿನಿಂದ ಬಿಸಿ ಗಾಳಿ ಬರುತ್ತಿದ್ದರೆ ಬೈಯಬೇಕಾದದ್ದು ಫ್ಯಾನನ್ನಲ್ಲ, ಅದರ ಮೇಲಿರುವ ಕಾಂಕ್ರೀಟಿನ ತಾರಸಿಯನ್ನು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕೆಳಗೆ ಇಳಿಸುತ್ತದೆ. ಫೆಬ್ರುವರಿ ಮುಗಿಯುವ ಮೊದಲೇ ತಾರಸಿಯನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎರಚುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ನಿಜ. ಮರುವರ್ಷ ಮತ್ತೆ ಬಳಿಯಬೇಕು.

ಎರಡನೆಯ ಹೆಜ್ಜೆ: ಫ್ಯಾನ್

ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯನ್ನು ತಂಪು ಮಾಡುತ್ತದೆ. ಗಾಳಿ ಬೆವರನ್ನು ಆರಿಸುತ್ತದೆ, ಹಾಗಾಗಿ ಹಿತ. ಯಾರೂ ಇಲ್ಲದ ಕೋಣೆಯಲ್ಲಿ "ಬರುವಷ್ಟರಲ್ಲಿ ತಣ್ಣಗಾಗಲಿ" ಎಂದು ಹಾಕಿಟ್ಟ ಫ್ಯಾನ್ ಮೋಟಾರಿನ ಬಿಸಿಯನ್ನಷ್ಟೇ ಕೂಡಿಸುತ್ತದೆ. ಆರಿಸಿ ಹೋಗಿ. ವೇಗ ತಗ್ಗಿಸಿದರೆ ಕರೆಂಟು ಉಳಿಯುವುದಿಲ್ಲ ಎಂಬ ಮಾತು ಮಾತ್ರ ಹಳೆಯ ದಪ್ಪ ಡಬ್ಬಿಯಂಥ ರೆಗ್ಯುಲೇಟರ್‌ಗಳ ಕಾಲದ್ದು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಕೂಲರ್ ಕೊಳ್ಳುವ ಮೊದಲು ಒದ್ದೆ ಬಟ್ಟೆ

"ಏಸಿಯ ಬಡ ತಮ್ಮ" ಎಂದು ಕೂಲರನ್ನು ಕರೆಯುವವರಿದ್ದಾರೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಕೂಲರ್ ಮಣ್ಣಿನ ಹೂಜಿಯ ವಂಶದ್ದು. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಕೂಲರಿನ ಒದ್ದೆ ಹುಲ್ಲಿನ ಮೂಲಕ ಹಾಯುವ ಗಾಳಿಗೂ ಆಗುವುದು ಅದೇ. ಒಂದು ಲೀಟರ್ ನೀರು ಆವಿಯಾದರೆ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟಿಗೆ ಸಮನಾದಷ್ಟು ಶಾಖ ಅದರೊಡನೆ ಹೋಗುತ್ತದೆ.

ಆದರೆ ನೀರು ಆವಿಯಾಗಬೇಕಾದರೆ ಗಾಳಿ ಬಾಯಾರಿರಬೇಕು. ನಿಮ್ಮೂರಿನ ಗಾಳಿ ಬಾಯಾರಿದೆಯೇ ಎಂದು ತಿಳಿಯಲು ಗೋಡೆಗೆ ನೇತುಹಾಕುವ ಸಾದಾ ಥರ್ಮಾಮೀಟರ್ ಸಾಕು. ಮಧ್ಯಾಹ್ನ ನೆರಳಿನಲ್ಲಿ ಅದರ ಅಂಕಿಯನ್ನು ಬರೆದುಕೊಳ್ಳಿ. ಬಳಿಕ ಅದರ ಬುಡದ ಗುಂಡಿಗೆ ತೆಳು ಹತ್ತಿಬಟ್ಟೆಯನ್ನು ಸುತ್ತಿ, ನೀರಿನಲ್ಲಿ ನೆನೆಸಿ, ಐದು ನಿಮಿಷ ಫ್ಯಾನಿನ ಗಾಳಿಗೆ ಹಿಡಿದು ಮತ್ತೆ ನೋಡಿ. ಕಲಬುರಗಿ, ರಾಯಚೂರುಗಳ ಒಣಹವೆಯಲ್ಲಿ 40 ಇದ್ದದ್ದು 22, 23ಕ್ಕೆ ಇಳಿದೀತು. ಕರಾವಳಿಯಲ್ಲಿ 33 ಇದ್ದದ್ದು 27ರ ಹತ್ತಿರ ನಿಂತುಬಿಡುತ್ತದೆ. ಒಳ್ಳೆಯ ಕೂಲರ್ ಈ ಅಂತರದ ಸುಮಾರು ಮುಕ್ಕಾಲು ಪಾಲಿನಷ್ಟು ತಂಪು ಕೊಡುತ್ತದೆ. ಅಂತರ ಹತ್ತಕ್ಕಿಂತ ಹೆಚ್ಚಿದ್ದರೆ ಕೂಲರ್ ಕೊಳ್ಳಿ. ಐದಾರು ಮಾತ್ರ ಇದ್ದರೆ ದುಡ್ಡು ಉಳಿಸಿ. ಉಡುಪಿಯ ಸೆಕೆಯಲ್ಲಿ ಕೂಲರ್ ಹಾಕಿದರೆ ಹಾಸಿಗೆ ತೇವವಾಗುವುದೇ ಲಾಭ.

ಕೂಲರ್ ತಂದವರು ಮಾಡುವ ದೊಡ್ಡ ತಪ್ಪೆಂದರೆ ಏಸಿಯವರಂತೆ ಬಾಗಿಲು ಜಡಿದು ಕೂರುವುದು. ಆಗ ಅದು ತಾನೇ ಬಿಟ್ಟ ಒದ್ದೆ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ, ಅರ್ಧ ಗಂಟೆಯಲ್ಲಿ ಮೈ ಅಂಟಂಟು. ಕೂಲರಿನ ಬೆನ್ನು ಕಿಟಕಿಗಿರಲಿ, ಎದುರಿನ ಕಿಟಕಿಯೊಂದು ತೆರೆದಿರಲಿ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ, ಏಕೆಂದರೆ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಅಂಥ ನಿಂತ ನೀರೇ ಸಾಕು.

ನಾಲ್ಕನೆಯ ಹೆಜ್ಜೆ: ಏಸಿಯ ರಿಮೋಟ್

ಬಿಸಿಲಿನಿಂದ ಬಂದವರು ಮೊದಲು ಮಾಡುವುದು ರಿಮೋಟ್‌ನಲ್ಲಿ 16 ಒತ್ತುವುದು. "ಬೇಗ ತಣ್ಣಗಾಗುತ್ತದೆ." ಆಗುವುದಿಲ್ಲ. ರಿಮೋಟಿನ ಅಂಕಿ ಗ್ಯಾಸ್ ಒಲೆಯ ತಿರುಪು ಅಲ್ಲ, ಇಳಿಯಬೇಕಾದ ಊರಿನ ಹೆಸರು. ತುಮಕೂರಿನಲ್ಲಿ ಇಳಿಯಬೇಕಾದವರು ಬೆಳಗಾವಿಗೆ ಟಿಕೆಟ್ ಕೊಂಡರೆ ಬಸ್ಸೇನೂ ಜೋರಾಗಿ ಓಡುವುದಿಲ್ಲ. ದುಡ್ಡು ಹೆಚ್ಚು ಹೋಗುತ್ತದೆ, ನಿದ್ದೆ ಹತ್ತಿದರೆ ಊರೂ ದಾಟಿಹೋಗುತ್ತದೆ. 36 ಡಿಗ್ರಿಯ ಕೋಣೆಯಲ್ಲಿ 24 ಒತ್ತಿದರೂ 16 ಒತ್ತಿದರೂ ಕಂಪ್ರೆಸರ್ ಮೊದಲಿಗೆ ದುಡಿಯುವುದು ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೆಂದರೆ 16 ಒತ್ತಿದವರ ಯಂತ್ರ ನಿಲ್ಲುವುದೇ ಇಲ್ಲ. 2020ರ ಜನವರಿಯಿಂದ ಸ್ಟಾರ್ ಗುರುತಿನ ಏಸಿಗಳೆಲ್ಲ ಚಾಲೂ ಆದಾಗ 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮ ಬಂದಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋ ಕೊಡುವ ಲೆಕ್ಕ. 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡು ನೋಡಿ. ಒಂದೂವರೆ ಟನ್ನಿನ ಏಸಿ ಪೂರ್ತಿ ದುಡಿಯುವಾಗ ಎಳೆಯುವ ಕರೆಂಟಿನಲ್ಲಿ ಇಪ್ಪತ್ತು ಸಾದಾ ಫ್ಯಾನುಗಳು ತಿರುಗುತ್ತವೆ. ಒಂದನ್ನು ಜೊತೆಗೆ ಹಾಕಲು ಜಿಪುಣತನವೇಕೆ?

ದೊಡ್ಡ ಏಸಿ ಒಳ್ಳೆಯದು ಎಂಬುದೂ ಅರ್ಧ ಸುಳ್ಳು. ಚಿಕ್ಕ ಕೋಣೆಗೆ ಎರಡು ಟನ್ನಿನದನ್ನು ಹಾಕಿದರೆ ಅದು ಗಾಳಿಯನ್ನು ಥಟ್ಟನೆ ತಣಿಸಿ ನಿಂತುಬಿಡುತ್ತದೆ, ತೇವವನ್ನು ಹಿಂಡಿ ತೆಗೆಯಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕರಾವಳಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇನ್ನು ನಕ್ಷತ್ರಗಳನ್ನು ಎಣಿಸುವಾಗ ಪಟ್ಟಿಯ ಮೇಲಿನ ವರ್ಷವನ್ನೂ ಓದಿ. 2022ರ ಜುಲೈನಲ್ಲಿ ಅಳತೆಗೋಲು ಬಿಗಿಯಾದಾಗ ಹಿಂದಿನ ಐದು ನಕ್ಷತ್ರದ ಯಂತ್ರಗಳು ನಾಲ್ಕಕ್ಕೆ ಇಳಿದವು.

"ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕು" ಎಂಬ ನಂಬಿಕೆಯಷ್ಟು ಜನರ ಜೇಬು ಕತ್ತರಿಸಿದ್ದು ಬೇರೊಂದಿಲ್ಲ. ನಾನೂ ಎರಡು ವರ್ಷ ಕೊಟ್ಟಿದ್ದೇನೆ. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಫ್ರಿಜ್ಜಿನದೂ ಅದೇ ಏರ್ಪಾಡು, ಅದಕ್ಕೆ ವರ್ಷವರ್ಷವೂ ತುಂಬಿಸುತ್ತೀರಾ? ಗ್ಯಾಸ್ ಕಡಿಮೆಯಾಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ಎಲ್ಲಿ ಸೋರುತ್ತಿದೆ ತೋರಿಸಿ ಎಂದು ಕೇಳಿ. ಸೋರಿಕೆ ಮುಚ್ಚಿದ ಮೇಲೆಯೇ ತುಂಬಿಸಲಿ. ಅವರನ್ನು ಕರೆಸುವ ಮೊದಲು ಒಳಗಿನ ಜಾಲರಿಯನ್ನು ನೀವೇ ಬಿಚ್ಚಿ ನಲ್ಲಿಯಡಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಹೊರಗಿನ ಪೆಟ್ಟಿಗೆಯ ಮುಂದೆ ಜೋಡಿಸಿಟ್ಟ ಹಳೆಯ ಡಬ್ಬಗಳನ್ನು ತೆಗೆಯಿರಿ. ಅದು ಶಾಖ ಸುರಿಯುವ ಬಾಯಿ, ಮುಚ್ಚಿದರೆ ಸುರಿಯುವುದೆಲ್ಲಿಗೆ? "ತಂಪು ಬರುತ್ತಿಲ್ಲ" ಎಂಬ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಮನೆಗಳಿಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೂ ಇಲ್ಲ. ಸುತ್ತುವುದು ಅದೇ ಗಾಳಿ. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯಿರಿ.

ಐದನೆಯ ಹೆಜ್ಜೆ: ಬಚ್ಚಲುಮನೆ

ನಮ್ಮಲ್ಲಿ ಮನೆ ಬಿಸಿ ಮಾಡುವವರು ಕಡಿಮೆ, ನೀರು ಬಿಸಿ ಮಾಡದವರೇ ಇಲ್ಲ. ಹದಿನೈದು ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಬೇಕಾದದ್ದು 0.7 ಯೂನಿಟ್, ಎರಡು ಕಿಲೋವ್ಯಾಟಿನ ಗೀಸರಿಗೆ ಇಪ್ಪತ್ತು ನಿಮಿಷದ ಕೆಲಸ. ಆದ್ದರಿಂದ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ನೀರು ಕಾದ ಮೇಲೆ ಆರಿಸಿ. ಹಗಲಿಡೀ ಹಾಕಿಟ್ಟರೆ ಅಗ್ಗ ಎಂಬ ಮಾತನ್ನು ನಂಬಬೇಡಿ. ಕಾದ ನೀರು ನಿಧಾನಕ್ಕೆ ಆರುತ್ತಲೇ ಇರುತ್ತದೆ, ಗೀಸರ್ ಅದನ್ನು ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ.

ಗ್ಯಾಸ್ ಗೀಸರಿನ ಬಗೆಗಿರುವ ತಪ್ಪು ಕಲ್ಪನೆ ಮಾತ್ರ ಬಿಲ್ಲಿನ ವಿಷಯವಲ್ಲ, ಪ್ರಾಣದ ವಿಷಯ. "ಸೋರಿದರೆ ವಾಸನೆ ಬರುತ್ತದಲ್ಲ" ಎನ್ನುತ್ತಾರೆ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸರಿ. ಆದರೆ ಕೊಲ್ಲುವುದು ಸೋರಿದ ಗ್ಯಾಸ್ ಮಾತ್ರವಲ್ಲ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಬಚ್ಚಲಿನ ಹಂಡೆಯ ಒಲೆ ಹೊಗೆಯಾಡಿ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು, ಹೆಂಚಿನ ಸಂದಿಯಲ್ಲಿ ಹೊಗೆ ಹೊರಗೂ ಹೋಗುತ್ತಿತ್ತು. ಮೂರಡಿ ಅಗಲದ ಟೈಲ್ಸ್ ಹಾಕಿದ ಬಚ್ಚಲಿನಲ್ಲಿ ಅಂಥ ಸೂಚನೆ ಯಾವುದೂ ಸಿಗುವುದಿಲ್ಲ.

ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಈಗಾಗಲೇ ಒಳಗಿದ್ದರೆ ಹೊರಗೆ ಸ್ಥಳಾಂತರಿಸಿ. ಅಲ್ಲಿಯವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಸ್ನಾನದ ನಡುವೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಸೋಪಿನ ನೊರೆ ತೊಳೆಯಲೂ ನಿಲ್ಲದೆ ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು, ಕಿಟಕಿ ತೆರೆದು, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಕರೆ ಮಾಡಿ.