ಸಿಲಿಂಡರ್ ಖಾಲಿಯಾದಾಗ ಮೇಲೆ ತೇಲಿಹೋಗದಂತೆ ತೂಕ ಕಟ್ಟಿಕೊಳ್ಳಿ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುವವರು ಆಳಕ್ಕೆ ಇಳಿಯುವ ಮೊದಲು ತೂಕ ಪರೀಕ್ಷೆ, ಅಂದರೆ ಸೊಂಟಕ್ಕೆ ಎಷ್ಟು ಸೀಸದ ತೂಕ ಬೇಕೆಂದು ನೋಡುವುದನ್ನು, ತಪ್ಪಿಸಬೇಡಿ. ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಯಲ್ಲಿರಲಿ, ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ಪೂರ್ತಿ ಬಿಡಿ, ನೀರಿನ ಮೇಲ್ಮೈಯಲ್ಲಿ ನೆಟ್ಟಗೆ ನಿಂತು ಸಾಮಾನ್ಯ ಉಸಿರೆಳೆದು ಕ್ಷಣ ಹಿಡಿಯಿರಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ಕಾಲುಗಳನ್ನು ಹೆಣೆದುಕೊಂಡಿರಿ, ಗೊತ್ತಿಲ್ಲದೆ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಆಡಿಸುತ್ತಾ 'ನಾನು ಮುಳುಗುತ್ತಿಲ್ಲ, ಇನ್ನೆರಡು ಕಿಲೋ ಕೊಡಿ' ಅನ್ನುವವರೇ ಹೆಚ್ಚು. ಉಸಿರು ಹಿಡಿಯುವುದು ಈ ಪರೀಕ್ಷೆಗೆ ಮಾತ್ರ, ನೀರಿನೊಳಗೆ ಎಂದೂ ಬೇಡ.

ಇನ್ನೊಂದು ಲೆಕ್ಕ ಬಹಳ ಮುಖ್ಯ. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ 200 ಬಾರ್‌ ಒತ್ತಡದಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2 ಕಿಲೋ ಗಾಳಿ ಖರ್ಚಾಗಿ ಅಷ್ಟೇ ಹಗುರಾಗುತ್ತದೆ. ಆದ್ದರಿಂದ ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ 2 ಕಿಲೋ ಸೇರಿಸಿ. ಇಲ್ಲವಾದರೆ ಕೊನೆಯಲ್ಲಿ 5 ಮೀಟರ್ ಆಳದ ಸೇಫ್ಟಿ ಸ್ಟಾಪ್‌ನಲ್ಲಿ (ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ತಂಗುವ ಜಾಗ) 3 ನಿಮಿಷ ನಿಲ್ಲಲಾಗದೆ ಮೇಲೆ ಹೋಗಿಬಿಡುತ್ತೀರಿ.

ಹಾಗಂತ ಸುಮ್ಮನೆ ಭಾರ ಹೇರಿಕೊಳ್ಳಬೇಡಿ. ಹೆಚ್ಚಿನ ಸೀಸಕ್ಕೆ ಸಮವಾಗಿ ಬಿಸಿಡಿಗೆ ಗಾಳಿ ತುಂಬಬೇಕಾಗುತ್ತದೆ, ಆ ಗಾಳಿ ಆಳ ಬದಲಾದಾಗಲೆಲ್ಲ ಹಿಗ್ಗಿ ಕುಗ್ಗಿ ನಿಮ್ಮನ್ನು ಮೇಲೆ ಕೆಳಗೆ ಎಳೆಯುತ್ತದೆ. ಸೊಂಟ ಕೆಳಗೆ ಜೋತು, ಫಿನ್ ಹವಳಕ್ಕೆ ತಾಗುತ್ತದೆ. ವರ್ಷಗಟ್ಟಲೆ ಬೆಳೆದದ್ದು ಒಂದೇ ಏಟಿಗೆ ಮುರಿಯುತ್ತದೆ.

ಈಜುಕೊಳದ ಲೆಕ್ಕ ಸಮುದ್ರಕ್ಕೆ ಹೊಂದುವುದಿಲ್ಲ. ಸಲಕರಣೆ ಸಹಿತ ಒಟ್ಟು 100 ಕಿಲೋ ಇದ್ದರೆ ಉಪ್ಪುನೀರಿಗೆ ಸುಮಾರು 2.5 ಕಿಲೋ ಹೆಚ್ಚು ಬೇಕು. ವೆಟ್‌ಸೂಟ್ (ಮೈ ಬೆಚ್ಚಗಿಡುವ ಡೈವಿಂಗ್ ಉಡುಪು) ಬದಲಿಸಿದರೂ ಪರೀಕ್ಷೆ ಮತ್ತೆ ಮಾಡಿ, ಸಂಖ್ಯೆಯನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ.